ದೀಪದ ಹತ್ತಿಯ ನೂಲು

ಆ ಪ್ರದರ್ಶನದಲ್ಲಿ ಕಾಕಾ ನನಗೆ ಮೋಸ ಮಾಡಿದರು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಕತೆ ನುಣುಪಾಗಿದೆ. ಈಗ ಆ ನುಣುಪೇ ಅನುಮಾನ ಹುಟ್ಟಿಸುತ್ತದೆ.

ಆಗ ನಾನು ಬಹರೈನ್‌ನ ಒಂದು ಭಾರತೀಯ ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದೆ. ಶಾಲೆಗಳ ನಡುವಿನ ಪ್ರದರ್ಶನಕ್ಕೆ, ನೀರಿನ ಚಕ್ರದಿಂದ ಹತ್ತಿ ನೂಲುವ ಹಳೆಯ ಯಂತ್ರದ ಮಾದರಿ ಇಡುವ ಆಸೆ. ಚಕ್ರ ತಿರುಗಿದರೆ ಸಾಲದು, ನಿಜವಾದ ನೂಲು ಬರಬೇಕು. ಅಲ್ಲೇ ಟುಬ್ಲಿ ಎಂಬ ಊರಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದ, ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದ ಪುತ್ತೂರಿನ ಹಿರಿಯರು ಒಪ್ಪಿದರು. ನಾಲ್ಕು ಶುಕ್ರವಾರ, ನಮಾಜು ಮುಗಿಸಿ ಬಂದು, ನನ್ನ ಚಿತ್ರ ನೋಡಿಕೊಂಡು ಹಿತ್ತಾಳೆಯ ರೋಲರುಗಳನ್ನು ಕಡೆದರು. ಹಿಂದಿನ ಜೋಡಿ ನಿಧಾನ, ಮುಂದಿನದು ಚುರುಕು. ನಡುವೆ ಹತ್ತಿ ಎಳೆದು ತೆಳ್ಳಗಾಗಬೇಕು. ಚಕ್ರದ ಮೇಲೆ ನೀರು ಸುರಿಯಲು ಹಳೆಯ ಕೂಲರಿನ ಪಂಪು.

“ಇದನ್ನು ಮೊದಲು ಮಾಡಿದ್ದು ಯಾರು ಟೀಚರೇ?”

“ಒಬ್ಬ ಗಡಿಯಾರದ ಕೆಲಸದವನು. ಮಾಡಿಸಿದವನು ಬೇರೆ. ಅವನು ಮಿಲ್ಲು ಕಟ್ಟಿ ಸಾಹುಕಾರನಾದ.”

“ಪುಸ್ತಕದಲ್ಲಿ ಯಾರ ಹೆಸರುಂಟು?”

“ಮಿಲ್ಲಿನವನದ್ದು.”

“ಹಾಗಾದ್ರೆ ನಾನು ಗಡಿಯಾರದವ. ಒಳ್ಳೆ ಕತೆ ಮಾರಾಯ್ರೆ!” ಕಾಕಾ ನಕ್ಕರು. ನಾನೂ ನಕ್ಕೆ.

ನೂಲು ಮಾತ್ರ ತುಂಡಾಗುತ್ತಲೇ ಇತ್ತು. ನಾನು ತಂದದ್ದು ಔಷಧದಂಗಡಿಯ ಹತ್ತಿ, ಜಿಡ್ಡೆಲ್ಲ ತೆಗೆದದ್ದು. ಬತ್ತಿ ಹೊಸೆಯಲು ಅಮ್ಮ ಊರಿನಿಂದ ಕಳಿಸಿದ್ದ ಹತ್ತಿ ಹಾಕಿದ ಮೇಲೆ ನೂಲು ಕಡಿಯದೆ ಬಂತು.

ಪ್ರದರ್ಶನದ ದಿನ ನೋಡುತ್ತೇನೆ, ಎರಡು ಮೇಜಿನಾಚೆ, ಬೇರೆ ಶಾಲೆಯವರ ಮುಂದೆ ನಮ್ಮದರಂಥದ್ದೇ ಇನ್ನೊಂದು ಯಂತ್ರ. ಅದೇ ರೋಲರು, ಅದೇ ಬಗೆಯ ಹತ್ತಿ. ಪಕ್ಕದ ಕಾರ್ಡಿನಲ್ಲಿ ತಯಾರಕರೆಂದು ಕಾಕಾನ ಹೆಸರು. ಬಹುಮಾನವೂ ಆ ಶಾಲೆಗೇ.

ಅಲ್ಲಿಂದಲೇ ಕಾಕಾನಿಗೆ ಫೋನ್ ಮಾಡಿದೆ. “ನನಗೊಂದು ಮಾತು ಹೇಳಬಾರದಿತ್ತಾ?”

“ಅವರು ಕೇಳಿದ್ರು, ಮಾಡಿಕೊಟ್ಟೆ. ನನ್ನ ಕೈಕೆಲಸ ಅಲ್ವಾ ಟೀಚರೇ?” ಆಮೇಲೆ ಕೇಳಿದರು: “ಹೆಸರು ಹಾಕ್ತೇವೆ ಅಂದಿದ್ರು. ಹಾಕಿದ್ದಾರಾ?”

ನಾನು ಫೋನ್ ಇಟ್ಟೆ. ಮತ್ತೆ ಟುಬ್ಲಿಗೆ ಹೋಗಲಿಲ್ಲ.

ಬತ್ತಿಯ ಹತ್ತಿ ನನಗೇ ಹೊಳೆದದ್ದು ಎಂದು ಎಲ್ಲರಿಗೂ ಹೇಳಿದ್ದೇನೆ, ನಂಬಿಯೂ ಇದ್ದೆ. ಮೊನ್ನೆ ಆ ವರ್ಷದ ಡೈರಿ ತೆರೆದರೆ ನನ್ನದೇ ಅಕ್ಷರದಲ್ಲಿದೆ: “ನಿಮ್ಮಲ್ಲಿ ದೀಪಕ್ಕೆ ಹಾಕುವ ಹತ್ತಿ ಇಲ್ವಾ ಎಂದು ಕಾಕಾ ಕೇಳಿದರು.” ಎರಡು ಪುಟ ದಾಟಿದರೆ ನಮ್ಮ ಕಾರ್ಡಿನ ಕರಡು. ಅದರಲ್ಲಿ ಶಾಲೆಯ ಹೆಸರು, ನನ್ನ ಹೆಸರು. ಕಾಕಾನ ಹೆಸರು ಬರೆದು ಹೊಡೆದುಹಾಕಿದ ಗುರುತು ಕೂಡ ಇಲ್ಲ.

ಆದರೂ ಅವರು ಮೊದಲೇ ಒಂದು ಮಾತು ಹೇಳಬಹುದಿತ್ತು ಎಂದು, ಡೈರಿ ಮುಚ್ಚಿಟ್ಟ ಮೇಲೂ, ಅನಿಸುತ್ತಲೇ ಇದೆ.