ವಸಂತಣ್ಣನ ಎಕ್ಸ್‌ರೇ

ಆ ದಿನ ನಾನು ಬಾಯಿ ಮುಚ್ಚಿಕೊಂಡಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಆದರೂ ಮುಚ್ಚಿಕೊಂಡಿರಬೇಕಿತ್ತು.

ಅಬುಧಾಬಿಯ ಹೊರಗಿನ ವನ್ಯಪ್ರಾಣಿ ಕೇಂದ್ರವೊಂದರಲ್ಲಿ ಓರಿಕ್ಸ್ ಎಂಬ ಬಿಳಿ ಜಿಂಕೆಯ ರಕ್ತ ತೆಗೆಯುತ್ತಿದ್ದೆ. ಅದಕ್ಕೆ ಹಿಂದೆ ಕ್ಷಯ ಬಂದಿತ್ತು. ಅಪರೂಪದ ಪ್ರಾಣಿಯೆಂದು ತಿಂಗಳುಗಟ್ಟಲೆ ಔಷಧ ಕೊಟ್ಟು ಉಳಿಸಿಕೊಂಡಿದ್ದರು. ರೋಗ ಹೋದ ಮೇಲೂ ಜೀನುಗಳ ಮೇಲೆ ಅದರ ಗುರುತು ಉಳಿಯುತ್ತದೆಯೇ ಎಂಬುದೇ ನನ್ನ ಪಿಎಚ್‌ಡಿ. ಕೊಂಬು ಹಿಡಿದಿದ್ದವರು ಬಂಟ್ವಾಳದ ವಸಂತಣ್ಣ. ಅವರು ಊರಿಂದ ಇಲ್ಲಿ ಕೆಲಸಕ್ಕೆ ಬಂದು ಎರಡು ವಾರವಾಗಿತ್ತು. ಕನ್ನಡ ಮಾತಾಡುವವರು ಸಿಕ್ಕ ಖುಷಿಯಲ್ಲಿ ಎಲ್ಲವನ್ನೂ ವಿವರಿಸಿಬಿಟ್ಟೆ.

"ಗುಣ ಆದ್ರೂ ಗುರ್ತು ಹೋಗುದಿಲ್ವಾ ಮಾರಾಯ್ರೆ?"

"ಎಲ್ಲಿ ಹೋಗುತ್ತೆ ವಸಂತಣ್ಣ? ಹುಡುಕಿದರೆ ಸಿಕ್ಕೇ ಸಿಗುತ್ತೆ," ಎಂದೆ ಜಂಬದಿಂದ.

ಅವರು ಜಿಂಕೆಯ ಕುತ್ತಿಗೆ ಸವರಿದರು. "ನಂಗೆ ಹತ್ತೊಂಬತ್ತನೇ ವಯಸ್ಸಲ್ಲಿ ಟಿಬಿ ಬಂದಿತ್ತು. ಮಾತ್ರೆ ಪೂರ್ತಿ ತಿಂದಿದ್ದೇನೆ. ನಾಡಿದ್ದು ವೀಸಾದ ಮೆಡಿಕಲ್ ಉಂಟು. ಎಕ್ಸ್‌ರೇಯಲ್ಲಿ ಕಾಣ್ತದಾ?"

ಶ್ವಾಸಕೋಶದಲ್ಲಿ ಹಳೇ ಕಲೆ ಕಂಡರೂ ಹೊಸಬರಿಗೆ ಇಲ್ಲಿ ವೀಸಾ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. "ಡಾಕ್ಟರನ್ನೇ ಕೇಳಿ," ಎಂದು ಟ್ಯೂಬಿನ ಮೇಲೆ ನಂಬರ್ ಬರೆಯತೊಡಗಿದೆ.

ಮುಂದಿನ ವಾರ ಕೊಂಬು ಹಿಡಿಯಲು ಬೇರೆಯವರು ಬಂದರು.

"ವಸಂತಾ? ಖಲಾಸ್. ಮೆಡಿಕಲ್‌ನಲ್ಲಿ ಅನ್‌ಫಿಟ್ ಅಂತ ಬಂತು, ಊರಿಗೆ ಕಳಿಸಿದ್ರು," ಎಂದರು ಸೂಪರ್‌ವೈಸರ್.

ಜಿಂಕೆ ಮಾತ್ರ ಅಲ್ಲೇ ಇದೆ. ಅದರ ಎಕ್ಸ್‌ರೇಯಲ್ಲೂ ಕಲೆ ಸ್ಪಷ್ಟವಾಗಿದೆ. ಆ ಚಿತ್ರವನ್ನು ನನ್ನ ಪ್ರಬಂಧದಲ್ಲಿ ಹಾಕಿಕೊಂಡು, ಕೆಳಗೆ 'ಸಂಪೂರ್ಣ ಆರೋಗ್ಯವಂತ ಪ್ರಾಣಿ' ಎಂದು ನಾನೇ ಬರೆದಿದ್ದೇನೆ.