ಪಾರ್ಸೆಲ್ ತಂದ ಕರುಣಾ

ಸೇಡಂ ಬಜಾರಿನ ತಮ್ಮಣ್ಣನ ಸೀರೆ ಅಂಗಡಿಗೆ ಬರುವ ಹೆಂಗಸರು ಅಲ್ಲಿ ಸೀರೆ ತೋರಿಸುವ ಕರುಣಾಳನ್ನೇ ಕೇಳಿಕೊಂಡು ಬರುತ್ತಿದ್ದರು. ಬರಬರುತ್ತ ಅವರು ಸೀರೆ ಮುಟ್ಟಿ ನೋಡಿ, ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು, "ಆಮ್ಯಾಲ ಬರ್ತೀವಿ" ಎಂದು ಹೋಗತೊಡಗಿದರು. ಯಾರೂ ತಿರುಗಿ ಬರಲಿಲ್ಲ. ಆನ್‌ಲೈನಿನಲ್ಲಿ ತರಿಸಿದ ಅಂಥದೇ ಸೀರೆ ಅವರ ಮನೆ ಬಾಗಿಲಿಗೇ ಬರುತ್ತಿತ್ತು.

"ಬ್ಯಾರೆ ಕಡಿ ಕೆಲಸ ನೋಡ್ಕೋ ತಂಗಿ, ನನ್ ಕೈಲೆ ಆಗವಲ್ದು" ಎಂದು ಕಡೆಗೆ ತಮ್ಮಣ್ಣನೇ ಹೇಳಿದ.

ಕರುಣಾ ಅಣ್ಣನ ಸ್ಕೂಟಿ ತೆಗೆದುಕೊಂಡು ಆನ್‌ಲೈನ್ ಕಂಪನಿಯೊಂದರ ಪಾರ್ಸೆಲ್ ಹಂಚಲು ಹೊರಟಳು. ಅಂಗಡಿಯಲ್ಲಾದರೆ ಗಿರಾಕಿಗಳು ಅವಳಿದ್ದಲ್ಲಿಗೆ ಬರುತ್ತಿದ್ದರು. ಈಗ ಅವಳೇ ಗುರುತಿಲ್ಲದವರ ಬಾಗಿಲು ಬಡಿಯಬೇಕು.

ಮಳಖೇಡದ ಹತ್ತಿರದ ಆದಿತ್ಯನಗರದಲ್ಲಿ ರಮೇಶಕುಮಾರ ಎಂಬಾತ ಅವಳನ್ನು ಅಂಗಳದೊಳಗೆ ಕರೆದು, ಕಂಪನಿಯ ನಿಯಮದಂತೆ ಅವಳೆದುರೇ ಪೆಟ್ಟಿಗೆ ಬಿಚ್ಚಿದ. ಮೊಬೈಲ್ ಇರಬೇಕಾದಲ್ಲಿ ಬಟ್ಟೆ ತೊಳೆಯುವ ಸಾಬೂನು ಇತ್ತು. ಆತ ಎದ್ದು ಹೋಗಿ ಗೇಟಿಗೆ ಬೀಗ ಹಾಕಿದ.

"ಮೊಬೈಲ್ ಎಲ್ಲಿಟ್ಟೀದಿ? ಖರೇ ಹೇಳು."

"ನನಗೇನ್ ಗೊತ್ತ್ರಿ ಅಣ್ಣಾ, ಕಟ್ಟಿದ್ದು ಹಂಗೇ ತಂದೀನ್ರಿ."

"ಪೊಲೀಸರು ಬರ್ಲಿ. ಅಲ್ಲೀತನಾ ಇಲ್ಲೇ ಕುಂದ್ರು."

ಕರುಣಾ ತನ್ನ ಫೋನ್ ತೆಗೆದಳು. ಕಂಪನಿಗೆ ಫೋನ್ ಹಚ್ಚಿದರೆ ಒಂದು ಒತ್ತಿರಿ, ಎರಡು ಒತ್ತಿರಿ ಎನ್ನುವ ಧ್ವನಿ ಬಿಟ್ಟರೆ ಮಾತಾಡುವ ಮನುಷ್ಯರಿಲ್ಲ. ಅಂಗಡಿಯಲ್ಲಿ ಗಿರಾಕಿ ರೇಗಿದಾಗ ತಮ್ಮಣ್ಣ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬರುತ್ತಿದ್ದ. ಇಲ್ಲಿ ಅವಳ ಪರವಾಗಿ ಎದ್ದು ಬರುವವರು ಯಾರೂ ಇರಲಿಲ್ಲ. ಆತ ಅವಳ ಪಾರ್ಸೆಲ್ ಚೀಲಕ್ಕೆ ಕೈ ಹಾಕಿದಾಗ ಅವಳು ಜೋರಾಗಿ ಅತ್ತುಬಿಟ್ಟಳು.

ಅಳು ಕೇಳಿ ಆತನ ತಾಯಿ ಮಾಳಮ್ಮ ಹೊರಗೆ ಬಂದರು. ಕರುಣಾಳ ಮುಖವನ್ನೇ ನೋಡಿದರು.

"ನೀ ತಮ್ಮಣ್ಣನ ಅಂಗಡ್ಯಾಗಿದ್ದಾಕಿ ಅಲಾ?"

"ಹೌದ್ರಿ ಯವ್ವಾ."

"ಕೀಲಿ ತೆಗಿಯೋ! ಮಗಳ ಮದುವಿ ಸೀರಿ ಎಲ್ಲಾ ಈಕೀನೇ ತೋರ್ಸ್ಯಾಳ. ಹರಕ ಇದ್ದದ್ದು ತಾನೇ ಹೇಳಿ ತಗದಿಟ್ಟಾಕಿ, ಕದೀತಾಳೇನು?"

ಆತ ಗೊಣಗುತ್ತ ಬೀಗ ತೆಗೆದ. ಕರುಣಾ ಚೀಲ ಎದೆಗೆ ಅವುಚಿಕೊಂಡು ಹೊರಗೋಡಿದಳು. ಅವಸರದಲ್ಲಿ ಸ್ಕೂಟಿಯ ಕೀಲಿ ಎರಡು ಸಲ ಕೆಳಗೆ ಬಿತ್ತು. ಮಳಖೇಡ ದಾಟುವತನಕ ಆಕೆ ಹಿಂತಿರುಗಿ ನೋಡಲಿಲ್ಲ.

ಮುಂದೆ ಕಂಪನಿ ರಮೇಶಕುಮಾರನಿಗೆ ಬೇರೆ ಮೊಬೈಲ್ ಕಳಿಸಿತು. ಸಾಬೂನು ಎಲ್ಲಿಂದ ಬಂತೆಂದು ಕರುಣಾಳಿಗೆ ಯಾರೂ ಹೇಳಲಿಲ್ಲ. ಕೆಲಸ ಬಿಡುವ ಹಾಗಿರಲಿಲ್ಲ, ಅವಳು ಬಿಡಲೂ ಇಲ್ಲ. ಆದರೆ ಈಗ ಯಾರು ಎಷ್ಟೇ ಕರೆದರೂ ಗೇಟಿನ ಒಳಗೆ ಕಾಲಿಡುವುದಿಲ್ಲ. ಗಾಡಿ ಬಂದ್ ಮಾಡದೆ ರಸ್ತೆಯಲ್ಲೇ ನಿಂತು, ಒಳಗಿನವರು ಪೆಟ್ಟಿಗೆ ಬಿಚ್ಚಿ ನೋಡುವತನಕ ಕಾಯುತ್ತಾಳೆ.