ಬೀಗದ ಜೊತೆ ಜಗಳವಾಡಿದ ಶಮೀಮ್ ಆಪಾ

ಶಮೀಮ್ ಆಪಾಗೆ ಬೀಗ ಕಂಡರೆ ಆಗುತ್ತಿರಲಿಲ್ಲ. ಸರ್ವೆಗೆಂದು ಹೋದ ಬೀದಿಯಲ್ಲಿ ಬೀಗ ಹಾಕಿದ ಮನೆ ಸಿಕ್ಕಿತೋ, ಅಲ್ಲೇ ನಿಂತುಬಿಡುವರು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಬೀಗವನ್ನು ಹಿಡಿದು ಒಮ್ಮೆ ಜಗ್ಗಿ, "ಏನ್ ಬಾ, ನೀ ಹೇಳಿದ್ದನ್ನ ನಾನು ನಂಬಬೇಕಾ?" ಎಂದು ಅದನ್ನೇ ಕೇಳುವರು. ಪಕ್ಕದ ಮನೆಯವರು ಇಣುಕಿ ನೋಡಿ ನಗುತ್ತಿದ್ದರು. ನಕ್ಕವರನ್ನು ಆಪಾ ಬಿಟ್ಟರೆ ತಾನೆ! "ನಗ್ತೀರಲ್ಲ, ಈ ಮನೇಲಿ ಯಾರಿದಾರೆ, ಯಾವಾಗ ಬರ್ತಾರೆ, ಅದನ್ನ ಹೇಳಿ" ಎಂದು ಅವರ ಹೊಸ್ತಿಲಲ್ಲೇ ಕೂತು, ಟೀ ಕುಡಿದೇ ಏಳುವರು.

ಅವರ ಸ್ವಂತ ಮನೆ ಶಿವಾಜಿನಗರದಲ್ಲಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿತ್ತು. ಅದಕ್ಕೆ ಬೀಗವೇ ಇರಲಿಲ್ಲ. ಕಳ್ಳರು ಬಂದರೆ ಏನು ಗತಿ ಎಂದು ನಾನೊಮ್ಮೆ ಕೇಳಿದ್ದೆ. "ಬರ್ಲಿ. ಎಷ್ಟು ಮಕ್ಕಳು, ಯಾವ ಸ್ಕೂಲು ಅಂತ ಕೇಳಿ ಕಳಿಸ್ತೀನಿ" ಎಂದರು. ಮದುವೆಯಾಗಿರಲಿಲ್ಲ. ಊರಿನ ಮಕ್ಕಳ ಲೆಕ್ಕ ಬೇಕು ಎಂದು ಹಟ ಹಿಡಿದ ಹೆಂಗಸಿಗೆ ಗಂಡು ಕೊಡುವವರು ಯಾರು ಎಂದು ಅವರೇ ತಮಾಷೆ ಮಾಡುತ್ತಿದ್ದರು.

ನಾನು ಅವರ ಕೈಕೆಳಗೆ ಸೇರಿದ್ದು ಸಂಖ್ಯಾಶಾಸ್ತ್ರದ ಎಂ.ಎಸ್‌ಸಿ. ಮುಗಿಸಿದ ಹೊಸದರಲ್ಲಿ. ಹಲಸೂರಿನಲ್ಲಿ ಪಾತ್ರೆ ಅಂಗಡಿಯ ಮೇಲಿನ ಎರಡು ಕೋಣೆಗಳೇ ಆಫೀಸು. ಮಕ್ಕಳ ಪರಿಸ್ಥಿತಿಯನ್ನು ಅಧ್ಯಯನ ಮಾಡಿ, ಅಂಕಿಅಂಶ ಜೋಡಿಸಿ, ಸರ್ಕಾರ ತನ್ನ ನಿಯಮಗಳನ್ನು ತಿದ್ದುವಂತೆ ಮಾಡುವುದು ಅಲ್ಲಿಯ ಕೆಲಸ. ನಾನೋ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಸೈರನ್ ಕೂಗಿದ ಹಾಗೆ ಬದುಕು ನಡೆಯುತ್ತದೆ ಎಂದು ನಂಬಿದ್ದವಳು. ಬಾಯಿ ಮಾತ್ರ ಜೋರು. ಮೊದಲ ದಿನ ಆಪಾ, "ಮಕ್ಕಳನ್ನ ಮಾತಾಡ್ಸೋಕೆ ಬರುತ್ತಾ?" ಎಂದು ಕೇಳಿದರು. "ಅದನ್ನ ಕಾಲೇಜಲ್ಲಿ ಕಲಿಸಲ್ಲ ಮೇಡಂ. ನೀವು ಕಲಿಸಿ" ಎಂದೆ. ಅವರು ಗಹಗಹಿಸಿ ನಕ್ಕರು. ಆವತ್ತಿನಿಂದ ನನ್ನ ಹೆಸರು ವಸಂತಾ ಹೋಗಿ 'ಪರ್ಸೆಂಟಮ್ಮ' ಆಯಿತು. ಮೇಡಂ ಹೋಗಿ ಆಪಾ, ಅಂದರೆ ಅಕ್ಕ, ಬಂತು.

ಕಲಿಸಿದ್ದೂ ನಿಜ. 'ಮಗು ಶಾಲೆಗೆ ಹೋಗುತ್ತದೆಯೇ' ಎಂದು ಯಾವತ್ತೂ ಕೇಳಬಾರದು ಎನ್ನುವುದು ಅವರ ಮೊದಲ ಪಾಠ. ಹಾಗೆ ಕೇಳಿದರೆ ಯಾವ ತಾಯಿಯೂ ಇಲ್ಲ ಎನ್ನುವುದಿಲ್ಲ. ಹೆದರಿಕೆ ಇರುತ್ತದೆ, ನಾಚಿಕೆ ಇರುತ್ತದೆ. ಮಗುವಿನ ಪಕ್ಕ ನೆಲದ ಮೇಲೆ ಕೂತು, "ನಿನ್ನೆ ಎದ್ದಾಗಿಂದ ಏನೇನ್ ಮಾಡ್ದೆ ಹೇಳು ಕಂದಾ" ಎಂದಷ್ಟೇ ಕೇಳಬೇಕು. ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಆ ಎರಡನೆಯದು ನನಗೆ ತುಂಬಾ ಕಷ್ಟವಾಯಿತು.

ಆಪಾ ಎಂಥವರು ಎಂದು ನನಗೆ ಪೂರ್ತಿ ಗೊತ್ತಾಗಿದ್ದು ಕಗ್ಗದಾಸಪುರದ ಆಚೆಗಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ವಿಷಯದಲ್ಲಿ. ಸುತ್ತಮುತ್ತ ಮಕ್ಕಳೇ ಇಲ್ಲ, ಆದ್ದರಿಂದ ಅದನ್ನು ರಿಂಗ್ ರೋಡಿನ ಆಚೆ ಬದಿಯ ಶಾಲೆಯೊಂದಿಗೆ ವಿಲೀನ ಮಾಡಬಹುದು ಎಂದು ಸರ್ಕಾರ ಮಾಡಿಸಿದ್ದ ಸರ್ವೆಯೊಂದು ಹೇಳಿತ್ತು. ಶಾಲೆಯ ಹಿಂದೆಯೇ ಕಟ್ಟಡ ಕೆಲಸಗಾರರ ತಗಡಿನ ಶೆಡ್ಡುಗಳು ಸಾಲಾಗಿ ಇದ್ದವು. ಅಷ್ಟೊಂದು ಶೆಡ್ಡುಗಳಲ್ಲಿ ಒಂದೂ ಮಗು ಇಲ್ಲ ಅಂದರೆ! ಆಪಾ ಸರ್ವೆಗೆ ಬಳಸಿದ ಮೊಬೈಲ್ ಆ್ಯಪನ್ನು ತರಿಸಿ, ಒಂದೊಂದೇ ಗುಂಡಿ ಒತ್ತುತ್ತಾ ಕೂತರು. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಮೇಜು ಗುದ್ದುತ್ತಿದ್ದರು.

"ನೋಡಮ್ಮಾ ಪರ್ಸೆಂಟು, 'ಬೀಗ ಹಾಕಿದೆ' ಅಂತ ಒತ್ತಿದ್ರೆ ಇದು ಮಕ್ಕಳು ಸೊನ್ನೆ ಅಂತ ತಾನೇ ಬರ್ಕೊಂಡು ಮುಂದಿನ ಮನೆಗೆ ಹೋಗ್ತದೆ!"

ಸರ್ವೆಯವರು ಹೋಗಿದ್ದು ಆಫೀಸು ಸಮಯದಲ್ಲಿ. ಅಷ್ಟು ಹೊತ್ತಿಗೆ ಗಂಡಹೆಂಡಿರಿಬ್ಬರೂ ಕೆಲಸದ ಮೇಲೆ, ಕೂಸುಗಳು ಸೈಟಿನ ಮರಳಿನ ಮೇಲೆ, ದೊಡ್ಡ ಮಕ್ಕಳು ಅವನ್ನು ಕಾಯುತ್ತಾ ಅಲ್ಲೇ, ಇಲ್ಲವೆ ಶಾಲೆಯಲ್ಲಿ. ಶೆಡ್ಡಿನ ಬಾಗಿಲಿಗೆ ಬೀಗ. ಹಾಗಾಗಿ ಸೊನ್ನೆ, ಸೊನ್ನೆ, ಸೊನ್ನೆ.

ಮರುದಿನ ಬೆಳಕು ಹರಿಯುವ ಮೊದಲೇ ಆಪಾ ನನ್ನನ್ನು ಎಳೆದುಕೊಂಡು ಹೋದರು. ಶೆಡ್ಡಿನ ಸಾಲಿಗೆ ನೀರಿನ ಟ್ಯಾಂಕರ್ ಬರುವ ಹೊತ್ತು ಅದು. ಹಾರ್ನ್ ಆದದ್ದೇ ತಡ, ಬಿಂದಿಗೆ, ಬಕೆಟ್ಟು, ಪೇಂಟ್ ಡಬ್ಬ ಹಿಡಿದ ಮಕ್ಕಳು ಎಲ್ಲಾ ಬಾಗಿಲುಗಳಿಂದ ಹೊರಬಿದ್ದವು. ನಾನು ಬೆರಳು ಮಡಚಿ ಎಣಿಸತೊಡಗಿದೆ. ಆಪಾಗೆ ಮಾತ್ರ ಕೆಂಡದಂಥ ಕೋಪ. "ಸೊನ್ನೆ ಅಂತೆ ಸೊನ್ನೆ. ಈ ಸೊನ್ನೆಗಳೆಲ್ಲಾ ನೀರು ಹೊರ್ತಾ ಇದಾವೆ ನೋಡು" ಎಂದರು.

ಅಲ್ಲಿ ರೇಣುಕಾ ಸಿಕ್ಕಿದಳು. ರಾಯಚೂರು ಕಡೆಯ ಹುಡುಗಿ, ಸೊಂಟದ ಮೇಲೆ ತಮ್ಮ. ಆಪಾ ನಿನ್ನೆಯ ಬಗ್ಗೆ ಕೇಳಿದರು.

"ನೀರ್ ತಂದ್ನಿರಿ. ರೊಟ್ಟಿ ಬಡದ್ನಿ. ತಮ್ಮನ್ನ ಅವ್ವನ ಹತ್ರ ಸೈಟಿಗೆ ಬಿಟ್ಟು ಸಾಲಿಗೆ ಹೋದ್ನಿ. ಊಟದ ಗಂಟಿ ಆದ್‌ಮ್ಯಾಲೆ ಹೋಗಿ ಅವನ್ನ ಕರ್ಕೊಂಡ್ ಬಂದ್ನಿ. ಟೀಚರ್ ಬೈಯಂಗಿಲ್ಲ, ಅವನ್ನೂ ಕುಂದ್ರಸ್ತಾರ."

"ಸಾಲಿ ರೋಡಿನ ಆಚೆ ಹೋದ್ರೆ?"

ಅವಳ ಅವ್ವ ಬಿಂದಿಗೆ ಇಳಿಸಿ ಉತ್ತರ ಕೊಟ್ಟಳು. "ಆ ರೋಡ್ ನಾನಾ ದಾಟಂಗಿಲ್ರಿ. ಕೂಸಿನ್ನ ಕಟ್ಕೊಂಡು ಇಕಿ ಹೆಂಗ ದಾಟ್ತಾಳ? ಸಾಲಿ ಬಿಡಸ್ತೀನಿ." ರೇಣುಕಾ ತಾಯಿಯ ಮುಖವನ್ನೂ ನಮ್ಮ ಮುಖವನ್ನೂ ನೋಡಿದಳು. ಆಪಾ ಅವಳ ತಲೆ ಸವರಿ, ಯಾವ ಮಾತೂ ಕೊಡದೆ ಎದ್ದರು.

ಹೊಸ ಸರ್ವೆಯನ್ನು ಟ್ಯಾಂಕರಿನ ಹೊತ್ತಿಗೇ ಮಾಡಿ ಮುಗಿಸಿದೆವು. ವರದಿ ಹಿಡಿದು ಹೋದರೆ ಇಲಾಖೆಯ ಅಧಿಕಾರಿ ಪುಟ ತಿರುಗಿಸಿ, "ಮಕ್ಕಳ ಹೆಸರು, ಅಪ್ಪಅಮ್ಮನ ಹೆಸರು, ಶೆಡ್ ನಂಬರ್ ಎಲ್ಲಿ? ಅದಿಲ್ದೆ ನಾನ್ ಹೇಗ್ರೀ ನಂಬೋದು?" ಎಂದರು. ಹೆಸರು ಕೊಟ್ಟರೆ ನಾಳೆ ಅದು ಕಂಟ್ರಾಕ್ಟರ್ ಕೈ ಸೇರುತ್ತದೆ, ಸೈಟಿನಲ್ಲಿ ಮಕ್ಕಳಿದ್ದಾರೆಂಬ ತಂಟೆಯೇ ಬೇಡವೆಂದು ಅವನು ಮಕ್ಕಳಿರುವ ಸಂಸಾರಗಳನ್ನೇ ಶೆಡ್ಡಿನಿಂದ ಎಬ್ಬಿಸುತ್ತಾನೆ. ಹೆಸರು ಹೊರಗೆ ಬಿಡುವುದಿಲ್ಲವೆಂದು ತಾಯಂದಿರಿಗೆ ಮಾತು ಕೊಟ್ಟೇ ನಾವು ಮಾತಾಡಿಸಿದ್ದು.

"ಹೆಸರು ಕೊಡಲ್ಲ ಸಾರ್" ಎಂದರು ಆಪಾ. "ಮಕ್ಕಳನ್ನ ತೋರಿಸ್ತೀನಿ, ಬನ್ನಿ."

"ಮೇಡಂ, ನೀವು ಎಮೋಷನಲ್ ಆಗ್ತಿದೀರ. ನಮ್ಮ ಡೇಟಾ ಕ್ಲಿಯರಾಗಿದೆ."

ನನ್ನ ಮೈಯೆಲ್ಲಾ ಉರಿದುಹೋಯಿತು. ಆಪಾ ಸಿಟ್ಟಾಗಲಿಲ್ಲ, ಅದೇ ನನಗೆ ಭಯ ಹುಟ್ಟಿಸಿದ್ದು. ನಿಧಾನವಾಗಿ ಮೊಬೈಲು ತೆಗೆದು ಆ ಆ್ಯಪನ್ನು ತೆರೆದು ಅವರ ಮುಂದಿಟ್ಟರು.

"ನಿನ್ನೆ ಹನ್ನೊಂದು ಗಂಟೆಗೆ ನಿಮ್ಮ ಕ್ವಾರ್ಟರ್ಸಿಗೆ ಹೋಗಿದ್ದೆ ಸಾರ್. ಬೀಗ ಇತ್ತು. ನಿಮ್ಮ ಆ್ಯಪಲ್ಲೇ ಒತ್ತಿದೆ. ನಿಮಗೆ ಮಕ್ಕಳಿಲ್ಲ ಅಂತ ಬಂತು."

ಅಧಿಕಾರಿಯ ಮುಖ ಕೆಂಪಾಯಿತು. "ಏನ್ರೀ ಇದು ತಮಾಷೆ? ನನಗಿಬ್ರು ಮಕ್ಕಳಿದಾರೆ. ಆ ಹೊತ್ತಲ್ಲಿ ಸ್ಕೂಲಲ್ಲಿರ್ತಾರೆ."

"ಡೇಟಾ ಕ್ಲಿಯರಾಗಿದೆ ಸಾರ್" ಎಂದರು ಆಪಾ. "ಎಮೋಷನಲ್ ಆಗ್ಬೇಡಿ."

ನನಗೆ ಕುರ್ಚಿಯಿಂದ ಎದ್ದು ಶಿಳ್ಳೆ ಹೊಡೆಯಬೇಕೆನಿಸಿತ್ತು. ಅವರೂ ಕೆಟ್ಟ ಮನುಷ್ಯರಲ್ಲ. ಕೆಲವು ದಿನ ಬಿಟ್ಟು ಒಂದು ಮುಂಜಾನೆ ಮಫ್ಲರ್ ಸುತ್ತಿಕೊಂಡು ಟ್ಯಾಂಕರಿನ ಪಕ್ಕ ಬಂದು ನಿಂತರು. ರೇಣುಕಾಳ ನಿನ್ನೆಯನ್ನು ಪೂರ್ತಿ ಕೇಳಿಸಿಕೊಂಡರು. ವಿಲೀನದ ಆದೇಶ ನಿಂತಿತು. ಬೀಗವಿದ್ದ ಮನೆಗೆ ಬೇರೆ ಹೊತ್ತಿನಲ್ಲಿ ಮತ್ತೆ ಹೋಗದೆ ಸೊನ್ನೆ ಬರೆಯುವಂತಿಲ್ಲ ಎಂದು ಸರ್ವೆಯ ನಿಯಮವೇ ಬದಲಾಯಿತು. ಸುತ್ತೋಲೆಯಲ್ಲಿ ಆಪಾರ ಹೆಸರಿರಲಿಲ್ಲ. ಮುಂದಿನ ಅಧ್ಯಯನಗಳಿಗೆ ನಮ್ಮನ್ನು ಯಾರೂ ಕರೆಯಲಿಲ್ಲ, 'ಆ ಮೇಡಂ ಹೊಂದಿಕೊಳ್ಳುವುದಿಲ್ಲ' ಎಂಬ ಮಾತು ನಮ್ಮ ಕಿವಿಗೂ ಬಿತ್ತು. ನಾನು ಕೂಗಾಡಿದೆ. "ನಕ್ಕೋ ಬಾ, ಬಿಡು. ನಿಯಮದ ಮೇಲೆ ನನ್ನ ಹೆಸರು ಬರ್ದು ಏನಾಗ್ಬೇಕು? ನಿಯಮ ಸರಿ ಇರ್ಲಿ ಸಾಕು" ಎಂದರು. ನನಗೆ ಸಮಾಧಾನವಾಗಲಿಲ್ಲ, ಇವತ್ತಿಗೂ ಇಲ್ಲ.

ಕೊನೆಯ ಸಲ ನೋಡಿದ್ದು ಶಿವಾಜಿನಗರದ ಆ ಮನೆಯಲ್ಲೇ. ಕಾಯಿಲೆ ಅವರನ್ನು ಹಿಂಡಿತ್ತು, ದನಿ ಮಾತ್ರ ಹಾಗೇ ಇತ್ತು. ಸಂತೋಷದ ಸುದ್ದಿ ಹೇಳೋಣವೆಂದು, "ಆಪಾ, ಶೆಡ್ಡಿನ ಹತ್ರ ನಲ್ಲಿ ಹಾಕಿದಾರೆ. ಈಗ ಟ್ಯಾಂಕರ್ ಬರಲ್ಲ" ಎಂದೆ.

"ಅಲ್ಹಮ್ದುಲಿಲ್ಲಾ" ಎಂದು ಕಣ್ಣು ಮುಚ್ಚಿದರು. ಮರುಕ್ಷಣ ಕಣ್ಣು ಬಿಟ್ಟು, "ಹಾಗಾದ್ರೆ ಮಕ್ಕಳು ಎಲ್ಲಿ ಸಿಗ್ತಾರೆ?" ಎಂದರು.

"ನೋಡೋಣ ಬಿಡಿ ಆಪಾ, ಮೊದ್ಲು ನೀವು ಹುಷಾರಾಗಿ."

"ನಾನ್ ಹುಷಾರಾಗೋದು ಅಲ್ಲಾನ ಕೆಲಸ. ಹುಡುಕೋದು ನಿನ್ನ ಕೆಲಸ. ಹೋಗು!"

ಹಾಗೆ ಗದರಿಸಿ ಕಳಿಸಿದವರು ಮತ್ತೆ ಮಾತಿಗೆ ಸಿಗಲಿಲ್ಲ. ಮಣ್ಣಾದ ಕೆಲವು ವಾರಗಳ ಮೇಲೆ ಆ ಗಲ್ಲಿಗೆ ಹೋದೆ. ಸಂಬಂಧಿಕರು ಬಾಗಿಲಿಗೆ ಹಿತ್ತಾಳೆಯ ಹೊಸ ಬೀಗ ಜಡಿದಿದ್ದರು. ಅವರು ಮಾಡಿದ್ದೇನೂ ತಪ್ಪಲ್ಲ. ಆದರೂ ನಾನು ಅದನ್ನು ಹಿಡಿದು ಜಗ್ಗಿದೆ, ಜಗ್ಗಿ ಅಳುತ್ತಾ ನಿಂತೆ. ಪಕ್ಕದ ಮನೆಯವರು ಟೀ ತಂದುಕೊಟ್ಟರು.

ಈ ವರ್ಷ ಆ ಶಾಲೆಯ ವಿಲೀನದ ಮಾತು ಮತ್ತೆ ಎದ್ದಿದೆ. ಹೊಸ ಅಧಿಕಾರಿ, ಹೊಸ ಆ್ಯಪು. ಹಳೆಯ ನಿಯಮವನ್ನು ಅದರೊಳಗೆ ಸೇರಿಸುವುದು ಯಾರಿಗೂ ನೆನಪಾಗಿಲ್ಲ, ಬೀಗ ಎಂದು ಒತ್ತಿದರೆ ಮತ್ತೆ ಸೊನ್ನೆ. ರೇಣುಕಾ ಈಗ ಹೈಸ್ಕೂಲು, ಅದೇ ಸಣ್ಣ ಶಾಲೆಯಲ್ಲಿ ಅವಳ ತಮ್ಮ ಓದುತ್ತಿದ್ದಾನೆ. ಮೊನ್ನೆ ಸಭೆಯಲ್ಲಿ ಅಧಿಕಾರಿ, "ಆ ಏರಿಯಾದಲ್ಲಿ ಮಕ್ಕಳಿಲ್ವಲ್ಲ ಮೇಡಂ" ಎಂದರು.

"ಇದಾರೆ ಸಾರ್" ಎಂದೆ. "ಭಾನುವಾರ ಬೆಳಿಗ್ಗೆ ಶೆಡ್ಡಿನ ಹತ್ರ ಕೋಳಿ ಅಂಗಡಿ ಮುಂದೆ ಬನ್ನಿ. ಎಲ್ಲಾ ಮನೆಯಿಂದ್ಲೂ ಒಂದೊಂದು ಮಗು ಪಾತ್ರೆ ಹಿಡ್ಕೊಂಡು ಬಂದು ನಿಂತಿರುತ್ತೆ. ನಾನೂ ಇರ್ತೀನಿ."

ಅವರು ನಕ್ಕರು. "ನಾನು ಬರ್ಲಿಲ್ಲ ಅಂದ್ರೆ?"

"ಪರವಾಗಿಲ್ಲ ಸಾರ್. ನಾನೇ ನಿಮ್ಮನೆಗೆ ಬರ್ತೀನಿ. ಹನ್ನೊಂದು ಗಂಟೆಗೆ."